ಆಫ್‌ಶೋರ್ ತಂಡದವರಿಗೂ ಹೆಸರಿದೆ

ಅಮೆರಿಕದ ವಿಮಾ ಕಂಪನಿಯೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವ ತಂಡದ ಹೊಣೆಯನ್ನು ನಾನು ಚಿಕ್ಕಮಗಳೂರಿನ ಮನೆಯಿಂದಲೇ ನಿರ್ವಹಿಸುತ್ತಿದ್ದೇನೆ. ಈ ಕೆಲಸದಲ್ಲಿ ನಮ್ಮಂಥವರನ್ನು ಕುರಿತು ಆಡುವ ಮಾತುಗಳಲ್ಲಿ ಯಾವುದನ್ನು ಸಲುಗೆಯೆಂದು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಹೊಸದಾಗಿ ಸೇರಿದವರು ಮತ್ತೆ ಮತ್ತೆ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಗ್ರಾಹಕ ಕಂಪನಿಯ ದೇಶದಲ್ಲಿದ್ದು ದುಡಿಯುವವರು ಆನ್‌ಸೈಟ್, ನಮ್ಮಂತೆ ಬೇರೆ ದೇಶದಿಂದ ದುಡಿಯುವವರು ಆಫ್‌ಶೋರ್. ಈ ಪದಗಳು ಯಾರು ಎಲ್ಲಿ ಕುಳಿತಿದ್ದಾರೆ ಎಂಬುದನ್ನಷ್ಟೇ ತಿಳಿಸುತ್ತವೆ. ಪ್ರಾಜೆಕ್ಟ್ ಸಿಗದೆ ಕಾಯುತ್ತಿರುವವರು ‘ಬೆಂಚ್‌ನಲ್ಲಿದ್ದೇವೆ’ ಎಂದು ತಾವೇ ಹೇಳಿಕೊಳ್ಳುತ್ತಾರೆ. ಇವುಗಳಲ್ಲಿ ಅವಮಾನವೇನೂ ಇಲ್ಲ. ಇನ್ನೊಂದು ತುದಿಯ, ನೇರವಾಗಿ ಚುಚ್ಚುವ ಮಾತುಗಳಲ್ಲಿಯೂ ಗೊಂದಲವಿಲ್ಲ. 2004ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸುಮಾರಿಗೆ, ಕೆಲಸಗಳು ಭಾರತಕ್ಕೆ ಹೋಗುತ್ತಿವೆ ಎಂಬ ಸಿಟ್ಟು ಏರಿದ್ದಾಗ, ಹಾಗೆ ಕೆಲಸ ಕಳೆದುಕೊಂಡವರು ‘ಬ್ಯಾಂಗಲೋರ್ಡ್’ ಆದರು ಎನ್ನುವುದು ಅಲ್ಲಿ ರೂಢಿಗೆ ಬಂದಿತ್ತು. ಅವರ ಸಂಕಟ ನಿಜವಾದದ್ದೇ. ಆದರೆ ವೆಚ್ಚ ಉಳಿಸಲು ನಿರ್ಧಾರ ಕೈಗೊಂಡ ಆಡಳಿತ ಮಂಡಳಿ ಮರೆಯಾಗಿ, ನಮ್ಮ ಊರೊಂದರ ಹೆಸರು ಅಪವಾದ ಹೊತ್ತುಕೊಂಡಿತು.

ನಮ್ಮಂಥ ಸಾಫ್ಟ್‌ವೇರ್ ಕೆಲಸದವರನ್ನು ‘ಸೈಬರ್ ಕೂಲಿ’ ಎನ್ನುವುದರ ಬಗ್ಗೆ ತುಸು ಹೆಚ್ಚು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ‘ಕೂಲಿಗೆ ಹೋಗುತ್ತೇನೆ’ ಎಂದು ಯಾರೂ ತಲೆ ತಗ್ಗಿಸಿ ಹೇಳುವುದಿಲ್ಲ, ಅದು ದುಡಿದು ತಿನ್ನುವ ಮಾತು. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ 1834ರಲ್ಲಿ ಕೊನೆಗೊಂಡ ಮೇಲೆ ಕರಾರಿನ ಮೇಲೆ ಮಾರಿಷಸ್, ಟ್ರಿನಿಡಾಡ್, ಫಿಜಿಗಳಿಗೆ ಸಾಗಿಸಲ್ಪಟ್ಟ ಭಾರತೀಯರಿಗೆ ಅದೇ ಪದ ಹೀನಾಯದ ಗುರುತಾಯಿತು; ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯವರನ್ನೂ ‘ಕೂಲಿ ಬ್ಯಾರಿಸ್ಟರ್’ ಎಂದೇ ಕರೆದರು. ಕಡಿಮೆ ಸಂಬಳಕ್ಕೆ ಹಗಲಿರುಳು ದುಡಿಸುವುದನ್ನು ಖಂಡಿಸಲು ನಮ್ಮವರೇ ಇದನ್ನು ಬಳಸಿದರೆ ಅದು ಟೀಕೆ. ದುಡಿಸಿಕೊಳ್ಳುವವರ ಬಾಯಲ್ಲಿ ಬಂದರೆ ಬೈಗುಳ. ಇದಕ್ಕೆ ಪ್ರತಿಯಾಗಿ ‘ನಾವೇನು ಕೂಲಿಗಳಾ?’ ಎಂದು ಸಿಟ್ಟಾಗುವವರನ್ನು ಕಂಡರೂ ನನಗೆ ಬೇಸರವಾಗುತ್ತದೆ, ಏಕೆಂದರೆ ಆ ಸಿಟ್ಟು ನಮ್ಮ ಬೆಟ್ಟಗಳಲ್ಲಿ ಕಾಫಿ ಹಣ್ಣು ಕೊಯ್ಯುವವರನ್ನು ಕೀಳುಮಾಡಿಯೇ ಮುಂದೆ ಹೋಗುತ್ತದೆ.

ನಿಜವಾದ ತೊಡಕಿರುವುದು ಸಭ್ಯವಾಗಿ ಕೇಳಿಸುವ ಮಾತುಗಳಲ್ಲಿ. ಕಳೆದ ಚಳಿಗಾಲದಲ್ಲಿ ಕೆಲವು ಪಾಲಿಸಿಗಳ ನವೀಕರಣದ ದಿನಾಂಕ ತಪ್ಪಾಗಿ ಅಚ್ಚಾಯಿತು. ನಮ್ಮ ರಾತ್ರಿ 8 ಗಂಟೆ, ಅವರ ಬೆಳಿಗ್ಗೆ 9.30ರ ಕಾಲ್‌ನಲ್ಲಿ, ಕಾರಣ ಯಾರಿಗೂ ತಿಳಿಯುವ ಮೊದಲೇ ಅಲ್ಲಿನ ಮ್ಯಾನೇಜರ್ ‘ಇದು ಆಫ್‌ಶೋರ್ ಕ್ವಾಲಿಟಿ’ ಎಂದುಬಿಟ್ಟರು. ಆ ಭಾಗದ ಕೋಡ್ ಬರೆದಿದ್ದ ಕಡೂರಿನ ಹುಡುಗಿ ಕಾಲ್ ಮುಗಿಯುವವರೆಗೂ ಮ್ಯೂಟ್ ತೆಗೆಯಲಿಲ್ಲ. ಕಂಪ್ಯೂಟರ್ ದಾಖಲಿಸಿಟ್ಟ ಲಾಗ್ ತೆರೆದು ನೋಡಿದಾಗ, ಅವರ ಕಡೆಯಿಂದ ಬಂದ ಫೈಲ್‌ನಲ್ಲಿಯೇ ದಿನ ಮತ್ತು ತಿಂಗಳು ಅದಲುಬದಲಾಗಿದ್ದವು. ಫೈಲ್ ಬಂದ ಸಮಯ, ಅದರ ಮೊದಲ ಸಾಲುಗಳು, ನಾವು ಒಪ್ಪಿಕೊಂಡಿದ್ದ ನಮೂನೆ ಇಷ್ಟನ್ನು ಆಕೆಯ ಹೆಸರಿನಲ್ಲಿಯೇ ಮೇಲ್ ಮಾಡಿಸಿದೆ. ತಪ್ಪು ಆಕೆಯದೇ ಆಗಿದ್ದರೂ ಆ ಮಾತು ಅನ್ಯಾಯವೇ, ಏಕೆಂದರೆ ತಪ್ಪಿಗೆ ಕಾರಣವಿರುತ್ತದೆ, ಅದನ್ನು ತಿದ್ದಬಹುದು. ಕುಳಿತಿರುವ ಜಾಗವನ್ನೇ ತಪ್ಪೆಂದರೆ ತಿದ್ದುವುದಕ್ಕೆ ಏನೂ ಉಳಿಯುವುದಿಲ್ಲ.

ಕೆಲಸಗಾರರನ್ನು ‘ರಿಸೋರ್ಸ್’, ಅಂದರೆ ಸಂಪನ್ಮೂಲ, ಎನ್ನುವುದೂ ಹೀಗೆಯೇ. ನನ್ನ ತಂದೆ ಆಲ್ದೂರು ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಅವರು ‘ಇವತ್ತು ಎಷ್ಟು ಆಳು?’ ಎಂದೇ ಕೇಳುತ್ತಿದ್ದರು, ಆದರೆ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಒಬ್ಬೊಬ್ಬರ ಹೆಸರನ್ನೂ ಬರೆಯುತ್ತಿದ್ದರು. ನಮ್ಮ ಪ್ರಾಜೆಕ್ಟ್‌ನ ಹಾಳೆಯಲ್ಲಿ ಆನ್‌ಸೈಟ್‌ನವರಿಗೆ ಹೆಸರಿತ್ತು, ನಮ್ಮವರು ‘ಆಫ್‌ಶೋರ್ ರಿಸೋರ್ಸ್ 1’, ‘ಆಫ್‌ಶೋರ್ ರಿಸೋರ್ಸ್ 2’ ಆಗಿದ್ದರು. ಇನ್ನೂ ಯಾರನ್ನೂ ನೇಮಿಸದ ಜಾಗಕ್ಕೆ ಹಾಗೆ ಬರೆಯುವುದು ಸರಿ, ವರ್ಷಗಟ್ಟಲೆ ದುಡಿದವರಿಗಲ್ಲ. ಈಗ ಆ ಹಾಳೆಯಲ್ಲಿಯೂ ವಾರದ ವರದಿಯಲ್ಲಿಯೂ ಎಲ್ಲರ ಹೆಸರು ಹಾಕುತ್ತೇವೆ. ಅಲ್ಲಿನ ಇಂಜಿನಿಯರ್‌ಗಳು ನಮ್ಮ ಹುಡುಗರಿಗೆ ನೇರವಾಗಿ ಬರೆದು ಕೇಳತೊಡಗಿದ್ದಾರೆ.

ಹೊಸಬರಿಗೆ ನಾನು ಹೇಳುವುದು ಇಷ್ಟು: ‘ಆಫ್‌ಶೋರ್ ಮಾಡಿದ್ದು’ ಎಂಬ ಮಾತು ಬಂದರೆ, ‘ಯಾವ ಬದಲಾವಣೆಯನ್ನು ಕುರಿತು ಹೇಳುತ್ತಿದ್ದೀರಿ?’ ಎಂದು ಶಾಂತವಾಗಿ ಕೇಳಿರಿ. ಜನಾಂಗವನ್ನೋ ಉಚ್ಚಾರಣೆಯನ್ನೋ ಹೀಯಾಳಿಸಿದರೆ ಅಲ್ಲಿ ವಾದಕ್ಕಿಳಿಯದೆ, ದಿನಾಂಕ, ಸಮಯ, ಆಡಿದ ಮಾತು, ಕಾಲ್‌ನಲ್ಲಿದ್ದವರ ಹೆಸರುಗಳ ಸಮೇತ ಅದೇ ದಿನ ನನಗೂ ಎಚ್‌ಆರ್‌ಗೂ ಬರೆಯಿರಿ. ನಮ್ಮ ತಂಡದಲ್ಲಿಯೇ ಗುತ್ತಿಗೆಯ ಮೇಲಿರುವವರನ್ನು ‘ಕಾಂಟ್ರಾಕ್ಟ್‌ನವರು’ ಎಂದಷ್ಟೇ ಕರೆಯುವ ಅಭ್ಯಾಸವಿದೆ. ಅದರ ಬಗ್ಗೆಯೂ ಹೀಗೆಯೇ ಬರೆಯಬಹುದು.