ಎಲ್ಲಿಂದ ಬಿದ್ದೆ, ಪುಟ್ಟ?

108 ಆಂಬುಲೆನ್ಸ್‌ನಲ್ಲಿ ಕೆಲಸ ಎಂದ ಕೂಡಲೇ ನೆಂಟರಿಷ್ಟರೆಲ್ಲ ಕೇಳುವುದು ಒಂದೇ ಪ್ರಶ್ನೆ: ರಕ್ತ ಕಂಡರೆ ಹೆದರಿಕೆ ಆಗುವುದಿಲ್ಲವೇ? ಆ ಹೆದರಿಕೆ ನರ್ಸಿಂಗ್ ಓದುವಾಗಲೇ ಬಿಟ್ಟುಹೋಯಿತು. ಈಗ ನಾನು ಹೆದರುವುದು ಸುಳ್ಳಿಗೆ. ಅದರಲ್ಲೂ ಶಾಲೆಗೆ ಹೋಗುವ ಮಕ್ಕಳಿಗೆ ಏಟಾದಾಗ ಮನೆಯವರು, ಮೇಷ್ಟರು, ಕೊನೆಗೆ ಆ ಮಗುವೇ ಹೇಳುವ ಚಿಕ್ಕಪುಟ್ಟ ಸುಳ್ಳುಗಳಿಗೆ.

ನಮ್ಮದು ಮೂಡಿಗೆರೆ ತಾಲ್ಲೂಕು. ಗಾಡಿಯಲ್ಲಿ ಇರುವುದು ಇಬ್ಬರು, ಇ.ಎಂ.ಟಿ., ಅಂದರೆ ತುರ್ತು ಚಿಕಿತ್ಸೆ ಕೊಡುವ ನಾನು ಮತ್ತು ಗಾಡಿ ಓಡಿಸುವ ಪೈಲಟ್ ಅಣ್ಣ. ಮೊನ್ನೆ ಶಾಲೆ ಶುರುವಾದ ಹೊಸತರಲ್ಲಿ ಒಂದು ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಕರೆ ಬಂತು. ಹುಡುಗನಿಗೆ ಕೈ ಮುರಿದಿದೆ, ಜಗುಲಿಯಿಂದ ಬಿದ್ದನಂತೆ. ಹೋಗಿ ನೋಡಿದರೆ ಏಳೆಂಟು ವರ್ಷದ ಹುಡುಗ, ಎಡಗೈಯನ್ನು ಬಲಗೈಯಲ್ಲಿ ಎತ್ತಿ ಹಿಡಿದುಕೊಂಡು ಕೂತಿದ್ದಾನೆ. ಅಮ್ಮ ಅಳುತ್ತ ಬೈಯುತ್ತಿದ್ದಾಳೆ, ಅಜ್ಜ ಎಲೆಅಡಿಕೆ ಹಾಕಿಕೊಳ್ಳುತ್ತ ಬೈಯುತ್ತಿದ್ದಾರೆ. ಜಗುಲಿಯ ಎತ್ತರ ನನ್ನ ಮೊಣಕಾಲಿನಷ್ಟೂ ಇಲ್ಲ. ಆದರೆ ಹುಡುಗನ ಅಂಗಿಯ ಎದೆಯ ಭಾಗಕ್ಕೆಲ್ಲ ಹಸಿರು ಪಾಚಿ ಉಜ್ಜಿತ್ತು, ಎರಡೂ ಮೊಣಕಾಲಿನ ಕೆಳಗೆ ತರಚಿತ್ತು, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ತುಟಿಯ ಬಣ್ಣಕ್ಕೆ ಒಂದು ಕ್ಷಣ ನನ್ನ ಎದೆ ಧಸಕ್ಕೆಂದಿತು. ಉಸಿರಾಟ ನೋಡಿದೆ, ಚೆನ್ನಾಗಿಯೇ ಇತ್ತು. ಹಣ್ಣಿನ ಬಣ್ಣ ಅದು.

ದೊಡ್ಡವರನ್ನು ಹೊದಿಕೆ, ಆಧಾರ್ ಕಾರ್ಡ್, ನೀರಿನ ಬಾಟಲಿ ತರಲು ಒಳಗೆ ಕಳಿಸಿದೆ. ಯಾವುದೂ ಅಷ್ಟು ಅವಸರದ್ದಲ್ಲ, ಅವರು ಆಚೆ ಹೋಗಬೇಕಿತ್ತು ಅಷ್ಟೆ. "ಮರ ಹತ್ತಿದ್ದೆಯಾ" ಎಂದು ಕೇಳಿದರೆ ಇಲ್ಲ ಎನ್ನುತ್ತಾನೆ. "ಹಣ್ಣು ಜಾಸ್ತಿ ಇದ್ದದ್ದು ಎಷ್ಟು ಮೇಲೆ?" ಎಂದು ಕೇಳಿದೆ. ಹುಡುಗ ಮನೆಯ ಹೆಂಚಿನ ಕಡೆ ನೋಡಿದ. ಆಮೇಲೆ ಇನ್ನೂ ಸ್ವಲ್ಪ ಮೇಲೆ ನೋಡಿದ. "ಅಮ್ಮನಿಗೆ ಹೇಳಬೇಡಿ ಅಕ್ಕಾ" ಎಂದ.

ಜಗುಲಿಗೂ ನೇರಳೆ ಮರಕ್ಕೂ ಇರುವ ವ್ಯತ್ಯಾಸ ನಮ್ಮ ಪಾಲಿಗೆ ಸಣ್ಣದಲ್ಲ. ಹತ್ತಡಿಗಿಂತ ಮೇಲಿಂದ ಬಿದ್ದ ಮಗು ಎದ್ದು ಓಡಾಡುತ್ತಿದ್ದರೂ ತಲೆ, ಕುತ್ತಿಗೆ, ಹೊಟ್ಟೆಗೆ ಏಟಾಗಿದೆ ಎಂದುಕೊಂಡೇ ನಾವು ನಡೆಯಬೇಕು. ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಬೇಕು, ವಾಂತಿಯಾಯಿತೇ, ಮಂಪರು ಬರುತ್ತಿದೆಯೇ ಎಂದು ದಾರಿಯುದ್ದಕ್ಕೂ ಗಮನಿಸಬೇಕು, ಯಾವ ಆಸ್ಪತ್ರೆ ಎಂಬುದೂ ಅದರ ಮೇಲೆಯೇ ತೀರ್ಮಾನವಾಗುತ್ತದೆ. ಮೂಡಿಗೆರೆಯಲ್ಲೇ ಇಳಿಸುವುದೋ, ಚಿಕ್ಕಮಗಳೂರಿಗೋ ಹಾಸನಕ್ಕೋ ಒಯ್ಯುವುದೋ, ಘಾಟಿ ಇಳಿಸಿ ಮಂಗಳೂರಿಗೋ? 2019ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಚಾರ್ಮಾಡಿ ಘಾಟಿ ಬಂದ್ ಆದದ್ದು ಕಂಡವರಿಗೆ ಗೊತ್ತು, ನಮ್ಮ ಕಡೆ ಈ ತೀರ್ಮಾನ ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು.

ಇನ್ನು ಅವನ ಕೈ. ಅಂಗೈ ಊರಿ ಬಿದ್ದ ಮಕ್ಕಳಿಗೆ ಮೊಣಕೈಗೆ ಸ್ವಲ್ಪ ಮೇಲೆ ಮೂಳೆ ಮುರಿಯುವುದು ತುಂಬ ಸಾಮಾನ್ಯ. ಮುರಿದ ತುದಿಯ ಎದುರಿಗೇ ಕೈಗೆ ರಕ್ತ ಒಯ್ಯುವ ನಾಳ ಹಾದುಹೋಗುತ್ತದೆ. ಮಣಿಕಟ್ಟಿನಲ್ಲಿ ನಾಡಿ ಹಿಡಿದು ನೋಡಿದೆ, ಸಿಕ್ಕಿತು. ಉಗುರನ್ನು ಒತ್ತಿ ಬಿಟ್ಟೆ; ಬಿಳಿಚಿದ್ದು ಎರಡು ಸೆಕೆಂಡಿನೊಳಗೆ ಕೆಂಪಾಯಿತು. ಕೈ ಇದ್ದ ಭಂಗಿಯಲ್ಲೇ, ಎಳೆಯದೆ ಮಡಚದೆ ಆಧಾರದ ಪಟ್ಟಿ (ಸ್ಪ್ಲಿಂಟ್) ಕಟ್ಟಿದೆ. ಅಷ್ಟರಲ್ಲಿ ಅಜ್ಜ ಹೊರಗೆ ಬಂದು, ಆಸ್ಪತ್ರೆ ಯಾಕೆ, ಕಟ್ಟು ಹಾಕಿಸಿಕೊಂಡು ಬಂದರಾಯಿತಲ್ಲ ಎಂದರು. ನಾಟಿ ವೈದ್ಯರ ಮೇಲೆ ನನಗೆ ಹಗೆಯಿಲ್ಲ, ನಮ್ಮ ಮನೆಯಲ್ಲೂ ಅವರಲ್ಲಿಗೆ ಹೋದವರಿದ್ದಾರೆ. ಆದರೆ ಮಕ್ಕಳ ಮೊಣಕೈಗೆ ಬಿದಿರು ಪಟ್ಟಿ ಇಟ್ಟು ಬಿಗಿದರೆ, ಒಳಗೆ ಬಾವು ಏರಿ, ರಕ್ತ ನಿಂತು, ಕೆಲವೇ ಗಂಟೆಗಳಲ್ಲಿ ಮಾಂಸಖಂಡ ಸತ್ತುಹೋಗಬಹುದು. ಆಮೇಲೆ ಬೆರಳು ಕೊಕ್ಕೆಯಾಗಿ ಉಳಿದುಬಿಡುತ್ತದೆ. ಯಾರು ಕಟ್ಟಿದ ಕಟ್ಟೇ ಆಗಲಿ, ಬೆರಳು ತಣ್ಣಗಾದರೆ, ನೀಲಿಯಾದರೆ, ಬೆರಳು ನೆಟ್ಟಗೆ ಮಾಡಿದಾಗ ಮಗು ಕಿರುಚಿದರೆ ಆ ಕ್ಷಣವೇ ಸಡಿಲಿಸಿ ಆಸ್ಪತ್ರೆಗೆ ಓಡಬೇಕು.

ಮಕ್ಕಳು ಸುಳ್ಳು ಹೇಳುವುದು ಬೈಗುಳಕ್ಕೆ ಹೆದರಿ. ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ದೊಡ್ಡವರ ಸುಳ್ಳಿಗೆ ಮಾತ್ರ ಮೈ ಉರಿಯುತ್ತದೆ. ಒಬ್ಬ ಹುಡುಗ ಮೆಟ್ಟಿಲು ಜಾರಿ ಬಿದ್ದ ಎಂದು ಅಪ್ಪ ಹೇಳಿದರು. ಅಂಗೈ ತುಂಬ ರಸ್ತೆಯ ಜಲ್ಲಿ ಚುಚ್ಚಿಕೊಂಡಿತ್ತು. ಹೈಸ್ಕೂಲು ಹುಡುಗ, ಅಪ್ಪನ ಸ್ಕೂಟರ್; ಊಹಿಸಲು ಪತ್ತೇದಾರಿ ಬೇಕಾಗಿರಲಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿ ಬಂದ 199ಎ ಕಲಮಿನ ಪ್ರಕಾರ, ಅಪ್ರಾಪ್ತರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಪ್ಪನ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಮೆಟ್ಟಿಲಿನಿಂದ ಜಾರಿದವನನ್ನು ನೋಡುವ ಕ್ರಮ ಬೇರೆ, ಹೆಲ್ಮೆಟ್ ಇಲ್ಲದೆ ವೇಗದಲ್ಲಿ ಹೋಗಿ ಬಿದ್ದವನನ್ನು ನೋಡುವ ಕ್ರಮ ಬೇರೆ. ನಾನು ಪೊಲೀಸ್ ಅಲ್ಲ ಸ್ವಾಮಿ ಎಂದೆ. ಗಾಡಿ ಹೊರಟು ಅರ್ಧ ದಾರಿ ಆದ ಮೇಲೆ ಬಾಯಿ ಬಿಟ್ಟರು. ಅದೇ ತಿದ್ದುಪಡಿ, 134ಎ ಕಲಮಿನಲ್ಲಿ, ಗಾಯಾಳುವಿಗೆ ನೆರವಾದ ದಾರಿಹೋಕರಿಗೆ ರಕ್ಷಣೆಯನ್ನೂ ಕೊಟ್ಟಿದೆ. ದಂಡದ ವಿಷಯ ಊರಿಗೆಲ್ಲ ಗೊತ್ತು, ಇದು ಯಾರಿಗೂ ಗೊತ್ತಿಲ್ಲ.

ಸೈಕಲ್ ವಿಷಯ ಇನ್ನೂ ಮೋಸದ್ದು. ಬಿದ್ದಾಗ ಹ್ಯಾಂಡಲಿನ ತುದಿ ಹೊಟ್ಟೆಗೆ ಗುದ್ದಿದರೆ ಹೊರಗೆ ಕಾಣುವುದು ಒಂದು ರೂಪಾಯಿ ನಾಣ್ಯದಷ್ಟು ದುಂಡಗಿನ ಗುರುತು. ಒಳಗೆ ಯಕೃತ್ತು (ಲಿವರ್), ಗುಲ್ಮ (ಸ್ಪ್ಲೀನ್) ಬಿರಿದಿರಬಹುದು. ಮಕ್ಕಳ ಪಕ್ಕೆಲುಬು ಹಸಿ ಬಿದಿರಿನಂತೆ ಬಾಗುತ್ತದೆಯೇ ಹೊರತು ಸುಲಭಕ್ಕೆ ಮುರಿಯುವುದಿಲ್ಲ, ಹಾಗಾಗಿ ಪೆಟ್ಟು ಒಳಗೆ ಇಳಿದಿರುತ್ತದೆ. ಒಳಗೆ ರಕ್ತ ಸೋರುತ್ತಿದ್ದರೂ ಮಕ್ಕಳ ಬಿ.ಪಿ. ಬಹಳ ಹೊತ್ತು ಸರಿಯಾಗಿಯೇ ತೋರಿಸುತ್ತದೆ, ಕುಸಿಯುವಾಗ ಒಮ್ಮೆಲೇ ಕುಸಿಯುತ್ತದೆ. ಅದಕ್ಕೆ ಮೊದಲು ನಾಡಿ ಓಡತೊಡಗುತ್ತದೆ, ಕೈಕಾಲು ತಣ್ಣಗಾಗುತ್ತದೆ. ಬಿದ್ದದ್ದನ್ನು ಹೇಳದೆ ಹೊಟ್ಟೆನೋವು ಎಂದು ಮುದುಡಿ ಮಲಗಿದ ಮಗುವಿನ ಅಂಗಿ ಎತ್ತಿ ನೋಡಿ.

ಹಾವಿನ ಕಡಿತದಲ್ಲೂ ಇದೇ ಕಥೆ. ಒಬ್ಬ ಹುಡುಗಿಗೆ ಹಳ್ಳದ ಕಡೆ ಹೋಗಬೇಡ ಎಂದಿದ್ದರು, ಹೋದಳು, ಕಚ್ಚಿತು, ಮುಳ್ಳು ಚುಚ್ಚಿತು ಎಂದಳು. ಸಂಜೆ ವಸಡಿನಲ್ಲಿ ರಕ್ತ ಕಂಡಾಗ ಮನೆಯವರಿಗೆ ಗೊತ್ತಾಯಿತು. ವೈದ್ಯರು ಮೊದಲು ಕೇಳುವುದೇ ಎಷ್ಟು ಹೊತ್ತಿಗೆ ಕಚ್ಚಿತು ಎಂದು. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಬೇಡ. ಅವಳ ಕಾಲಿಗೆ ಯಾರೋ ಪಂಚೆಯ ಅಂಚು ಹರಿದು ಬಿಗಿದಿದ್ದರು.

ಶಾಲೆಗಳ ಬಗ್ಗೆ ಬರೆಯದೆ ಇರಲಾರೆ. ಒಂದು ಕಡೆ ಮಗು ಪ್ರಜ್ಞೆ ತಪ್ಪಿ ಬಿದ್ದರೂ ಮೊದಲು ಫೋನ್ ಹೋದದ್ದು ಆಡಳಿತ ಮಂಡಳಿಗೆ, ಆಮೇಲೆ ಪೋಷಕರಿಗೆ, ಕೊನೆಗೆ ನಮಗೆ. ನಾವು ಹೋದಾಗ ಅದು ಮೊದಲೇ ಹುಷಾರಿಲ್ಲದ ಮಗು ಎಂದರು. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಆದರೆ ಇನ್ನೊಂದು ಶಾಲೆಯ ಬಿಸಿಯೂಟದ ಅಕ್ಕನನ್ನು ಮರೆಯಲಾರೆ. ಸಾಂಬಾರಿನ ಪಾತ್ರೆ ಓರೆಯಾಗಿ ಹುಡುಗಿಯೊಬ್ಬಳ ಕಾಲಿನ ಮೇಲೆ ಚೆಲ್ಲಿತ್ತು. ನಾವು ಗೇಟಿನಲ್ಲಿ ಇಳಿಯುವ ಹೊತ್ತಿಗೂ ಆಕೆ ಮಗುವಿನ ಕಾಲನ್ನು ನಲ್ಲಿಯ ಕೆಳಗೆ ಹಿಡಿದೇ ಕೂತಿದ್ದಳು. "ನನ್ನ ಕೈಯಿಂದಲೇ ಜಾರಿತು ಸಿಸ್ಟರ್. ಒಲೆಯಿಂದ ಆಗಷ್ಟೇ ಇಳಿಸಿದ್ದು, ಕುದಿಯುತ್ತಿತ್ತು. ಹನ್ನೆರಡೂ ಮುಕ್ಕಾಲಿಗೆ. ಎಡಗಾಲು, ಮೊಣಕಾಲಿನಿಂದ ಕೆಳಗೆ. ಇಪ್ಪತ್ತು ನಿಮಿಷ ನೀರು ಬಿಟ್ಟಿದ್ದೇನೆ, ಬೇರೆ ಏನೂ ಹಚ್ಚಿಲ್ಲ." ಟೂತ್‌ಪೇಸ್ಟ್ ಡಬ್ಬಿ ಹಿಡಿದು ನಿಂತಿದ್ದ ಯಾರನ್ನೋ ಆಗಲೇ ಗದರಿ ಕಳಿಸಿದ್ದಳಂತೆ. ಮನೆಯವರು ಬರುವವರೆಗೆ ಕಾಯೋಣ ಎಂದು ಮುಖ್ಯ ಶಿಕ್ಷಕರು ರಾಗ ಎಳೆದರು. "ಅವರನ್ನು ಆಸ್ಪತ್ರೆಗೇ ಕರೆದುಕೊಂಡು ಬನ್ನಿ ಸಾರ್" ಎಂದು ಆಕೆ ಗಾಡಿ ಹತ್ತಿಯೇಬಿಟ್ಟಳು. ಹುಡುಗಿಯ ತೂಕ ಅಂದಾಜು ಎಷ್ಟಿರಬಹುದು ಎಂದು ಕೇಳಿದೆ. ಮಕ್ಕಳಿಗೆ ನೋವಿನ ಔಷಧಿಯಿಂದ ಹಿಡಿದು ಡ್ರಿಪ್‌ವರೆಗೆ ಎಲ್ಲವೂ ತೂಕದ ಲೆಕ್ಕದಲ್ಲೇ. ಆಕೆ ಅಂದಾಜು ಹೇಳಲಿಲ್ಲ. ಹಿಂದಿನ ವಾರವಷ್ಟೇ ಶಾಲೆಯಲ್ಲಿ ಆರೋಗ್ಯ ತಪಾಸಣೆ ಆಗಿತ್ತು. "ಇಪ್ಪತ್ತೆರಡೂವರೆ ಕೆಜಿ, ಚಪ್ಪಲಿ ಬಿಚ್ಚಿಸಿ ತೂಗಿದ್ದು" ಎಂದಳು.