ಏಳೂಕಾಲು ಕಿಲೋ ಹುರುಳಿ

ನಮ್ಮ ನಾಯಿಯನ್ನು ಸಂಜೆ ಬೀದಿಗೆ ಕರೆದುಕೊಂಡು ಹೋದಾಗಲೆಲ್ಲ ಯಾರಾದರೊಬ್ಬರು ತಡೆದು ನಿಲ್ಲಿಸಿ ಕೇಳುವ ಮೊದಲ ಪ್ರಶ್ನೆ ಒಂದೇ: "ಇದು ಯಾವ ಜಾತಿ?" ಹೆಸರೇನು, ವಯಸ್ಸೆಷ್ಟು, ಕಚ್ಚುತ್ತದೆಯೇ ಎಂಬುದೆಲ್ಲ ಆಮೇಲಿನ ಮಾತು. ಮೈಸೂರಿನ ಕುವೆಂಪುನಗರದ ನಮ್ಮ ರಸ್ತೆಯ ತಿರುವಿನಲ್ಲಿ ಹೂ ಮಾರುವಾಕೆಯಂತೂ ನಾಲ್ಕು ವರ್ಷಗಳಿಂದ ಇದನ್ನು ವಿಚಾರಿಸುತ್ತಲೇ ಇದ್ದಾಳೆ. "ಅಕ್ಕಾ, ಮುಖ ನೋಡಿದ್ರೆ ಪಾಮ್ ಥರ ಐತೆ, ಕಿವಿ ನೋಡಿದ್ರೆ ಕಂತ್ರಿ. ಯಾವ್ದು ನಿಜ?"

ಎರಡೂ ನಿಜ. ತಾಯಿ ಹಿಂದಿನ ಬೀದಿಯ ಮನೆಯೊಂದರ ಬಿಳಿಯ ಪಾಮ್. ತಂದೆ ಯಾರೆಂದು ಆಣೆಯಿಟ್ಟು ಹೇಳಬಲ್ಲವರು ಯಾರೂ ಇಲ್ಲ. ಕೋಳಿ ಅಂಗಡಿಯ ಮುಂದೆ ಮಲಗಿರುವ ಕಂದು ನಾಯಿಯ ಮೇಲೆ ಇಡೀ ಬೀದಿಗೆ ಅನುಮಾನವಿದೆ. ಮರಿ ಹುರುಳಿಕಾಳಿನ ಬಣ್ಣಕ್ಕಿದ್ದುದರಿಂದ ಹುರುಳಿ ಎಂದು ಹೆಸರಿಟ್ಟೆವು. "ಹೆಸರಿನಲ್ಲಾದರೂ ಹುರುಳಿದೆಯಲ್ಲ" ಎಂದು ನನ್ನ ಸೋದರಮಾವ ಆಡಿದ ಮಾತನ್ನು ಅಂದಿನಿಂದ ಇಂದಿನವರೆಗೆ ಬಂದ ನೆಂಟರಿಗೆಲ್ಲ ತಪ್ಪದೆ ಹೇಳುತ್ತಾರೆ. ಬರವಣಿಗೆಯಲ್ಲಿ ನಾಯಿಯನ್ನು 'ಅದು' ಎನ್ನಬೇಕೆಂಬುದು ನನಗೆ ಗೊತ್ತು. ಆದರೆ ಮನೆಯಲ್ಲಿ ಒಮ್ಮೆಯೂ ಹಾಗೆ ಕರೆಯದಿರುವುದರಿಂದ ಇಲ್ಲಿಯೂ 'ಅವಳು' ಎಂದೇ ಬರೆಯುತ್ತೇನೆ.

ನಮ್ಮ ಮಾತಿನಲ್ಲಿ ನಾಯಿಗಳು ಎರಡೇ ಬಗೆ, ಜಾತಿ ನಾಯಿ ಮತ್ತು ಕಂತ್ರಿ ನಾಯಿ. ಇಂಗ್ಲಿಷಿನ 'ಕಂಟ್ರಿ'ಯೇ ನಮ್ಮ ಬಾಯಲ್ಲಿ ಕಂತ್ರಿಯಾಗಿದೆ. ಈ ನಾಡಿನದು ಎಂಬಷ್ಟೇ ಅರ್ಥವಿದ್ದ ಮಾತು 'ಕಂತ್ರಿ ಬುದ್ಧಿ' ಎಂಬ ಬೈಗುಳದವರೆಗೆ ಇಳಿದುಬಂದಿರುವುದನ್ನು ನೆನೆದರೆ ನನಗೆ ಈಗಲೂ ಕಸಿವಿಸಿಯಾಗುತ್ತದೆ. ಇನ್ನು ಜಾತಿ ನಾಯಿಯೆಂದು ನಾವು ಹೆಮ್ಮೆಪಡುವ ಪಾಮ್‌ನ ಕಥೆಯೇ ಬೇರೆ. ಅಸಲಿ ಪೊಮೆರೇನಿಯನ್ ನಾಯಿ ಮೂರೂವರೆ ಕಿಲೋ ದಾಟುವುದು ಅಪರೂಪ. ನಮ್ಮೂರುಗಳ ಗೇಟಿನೊಳಗೆ ನಿಂತು ಬೊಗಳುವ ದೊಡ್ಡ ಬಿಳಿಯ ಪಾಮ್‌ಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್ ಎಂಬ ನಮ್ಮ ದೇಶದ್ದೇ ಸಾಕುತಳಿ. ಹಾಗೆ ನೋಡಿದರೆ ತಳಿಗಳ ಶುದ್ಧತೆಯ ಲೆಕ್ಕವೂ ಬಹಳ ಹಳೆಯದೇನಲ್ಲ. ವಂಶಾವಳಿಯ ಪುಸ್ತಕವಿಟ್ಟು ನಾಯಿಗಳನ್ನು ದಾಖಲಿಸುವ ಲಂಡನ್ನಿನ ಕೆನಲ್ ಕ್ಲಬ್ ಆರಂಭವಾದದ್ದು 1873ರಲ್ಲಿ.

2022ರಲ್ಲಿ ಅಮೆರಿಕದ ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು, ಹೂವಿನಾಕೆಗೆ ಒಮ್ಮೆ ನಿಧಾನವಾಗಿ ವಿವರಿಸಬೇಕೆಂದು ನಾನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಅವರು ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಒಡೆಯರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಓದಿ ನೋಡಿದರು. ಒಂದು ನಾಯಿಗೂ ಇನ್ನೊಂದಕ್ಕೂ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಶೇಕಡಾ 9ರಷ್ಟು ಮಾತ್ರ ಎಂದು ತಿಳಿದುಬಂದಿತು. ಮೈಕಟ್ಟು, ಕೂದಲಿನಂಥ ಹೊರಲಕ್ಷಣಗಳ ವಿಷಯ ಹಾಗಲ್ಲ. ಅವು ತಳಿಗೆ ಗಟ್ಟಿಯಾಗಿ ಅಂಟಿಕೊಂಡೇ ಬರುತ್ತವೆ. ಹುರುಳಿಗೆ ತಾಯಿಯಿಂದ ಬಂದಿರುವ ದಟ್ಟ ಕೂದಲಿನಿಂದ ನಾವು ಪಟ್ಟ ಪಾಡನ್ನು ಮುಂದೆ ಹೇಳುತ್ತೇನೆ.

ನಮ್ಮ ನಾಡಿನ ಅತ್ಯಂತ ಪ್ರಸಿದ್ಧ ನಾಯಿಯನ್ನು ನಾವು ಇಂದಿಗೂ ಗುರುತಿಸುವುದು ಹೆಸರಿನಿಂದ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ.ಶ. 949ರ ಕಾಲದ ವೀರಗಲ್ಲು 'ಕಾಳಿ' ಎಂಬ ಬೇಟೆನಾಯಿಯದು. ಚೋಳರೊಂದಿಗಿನ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ಯೋಧನಿಗೆ ಏನು ಬೇಕೋ ಕೇಳು ಎಂದು ರಾಜ ಹೇಳಿದಾಗ ಅವನು ಕೇಳಿದ್ದು ಆ ನಾಯಿಯನ್ನು. ಕಾಡುಹಂದಿಯೊಂದಿಗೆ ಕಾದಾಡಿ ಹಂದಿಯೂ ಕಾಳಿಯೂ ಸತ್ತಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟುಕೊಟ್ಟರು. ನಮ್ಮ ಹುರುಳಿ ಹಂದಿಯ ಮಾತಿರಲಿ, ಹಲ್ಲಿಯನ್ನು ಕಂಡರೂ ಮಂಚದ ಕೆಳಗೆ ಸೇರುವವಳು. ಆ ಕಲ್ಲಿನ ಮುಂದೆ ನಿಂತಿದ್ದಾಗ ನನಗೆ ನೆನಪಾದದ್ದು ಮಾತ್ರ ಅವಳೇ.

ಅವಳು ಬಂದ ಮೇಲೆ ಹೆಚ್ಚು ಬದಲಾದದ್ದು ಅಡುಗೆಮನೆ. ಅಮ್ಮ ಮೊದಲ ದಿನವೇ ಒಂದು ಕಟ್ಟಳೆ ಹಾಕಿದ್ದರು, ಹೊಸಿಲು ದಾಟಕೂಡದೆಂದು. ಹುರುಳಿ ಅದನ್ನು ವಕೀಲರಂತೆ ಪಾಲಿಸುತ್ತಾಳೆ. ನಾಲ್ಕು ಕಾಲೂ ಆಚೆ, ಗದ್ದ ಮಾತ್ರ ಹೊಸಿಲಿನ ಮೇಲೆ, ಮೂಗು ಒಳಗೆ. ಕುಕ್ಕರ್ ಮೂರನೆಯ ಸೀಟಿ ಹಾಕುವ ಹೊತ್ತಿಗೆ ಆ ಮೂಗು ಇನ್ನೊಂದಿಷ್ಟು ಮುಂದೆ ಬಂದಿರುತ್ತದೆ. ನಾವು ಮಾಡುವ ಪಲ್ಯ, ಹುಳಿ, ಉಪ್ಪಿಟ್ಟು ಯಾವುದನ್ನೂ ಅವಳಿಗೆ ಹಾಗೆಯೇ ಕೊಡುವಂತಿಲ್ಲ. ಈರುಳ್ಳಿಯೂ ಬೆಳ್ಳುಳ್ಳಿಯೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಅವುಗಳ ವಿಷ ಹೋಗುವುದಿಲ್ಲ. ಕೇಸರಿಬಾತಿನ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಮಾರಕವಾಗಬಲ್ಲದು. ಮೂವತ್ತು ಕಿಲೋ ತೂಗುವ ನಾಯಿ ತಡೆದುಕೊಳ್ಳಬಹುದಾದ ಪ್ರಮಾಣ ಏಳೂಕಾಲು ಕಿಲೋದ ಮೈಗೆ ಹೆಚ್ಚಾಗುತ್ತದೆ ಎಂಬುದು ಮಕ್ಕಳಿಗೆ ಅರ್ಥವಾಯಿತು, ಹಬ್ಬಕ್ಕೆ ಬರುವ ನೆಂಟರಿಗೆ ಇನ್ನೂ ಆಗಿಲ್ಲ. ಆದ್ದರಿಂದ ಅವಳಿಗೆ ಉಪ್ಪು ಹಾಕದ ಅನ್ನ, ಬೇಯಿಸಿದ ಕೋಳಿ, ಗಜ್ಜರಿ, ಆಗಾಗ ಒಂದು ತುಂಡು ರಾಗಿಮುದ್ದೆ. ಮುದ್ದೆಯನ್ನು ಮಾತ್ರ ನಮ್ಮ ಹಾಗೆಯೇ ಅಗಿಯದೆ ನುಂಗುತ್ತಾಳೆ.

ಇನ್ನು ಪಾಡಿನ ಮಾತು. ಕಂತ್ರಿ ರಕ್ತವಿರುವ ನಾಯಿಗೆ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು, ನಾನೂ ಅದನ್ನು ಅಷ್ಟೇ ಸುಲಭವಾಗಿ ನಂಬಿಕೊಂಡಿದ್ದೆ. ಕಳೆದ ವರ್ಷ ಮೇ ತಿಂಗಳಲ್ಲಿ ಹುರುಳಿ ಎರಡು ದಿನ ಊಟ ಬಿಟ್ಟಳು. ಮೊದಲು ತೋರಿಸಿದ ವೈದ್ಯರು ಹೊಟ್ಟೆ ಕೆಟ್ಟಿದೆಯೆಂದು ಔಷಧ ಬರೆದುಕೊಟ್ಟರು. ಮೂರನೆಯ ದಿನ ಬೆನ್ನಡಿಯಾಗಿ ಮಲಗಿದ್ದಾಗ, ಕೂದಲಿಲ್ಲದ ಕೆಳಹೊಟ್ಟೆಯ ಚರ್ಮದ ಮೇಲೆ ಗುಂಡುಸೂಜಿಯ ತಲೆಯಷ್ಟೇ ದೊಡ್ಡ ಕೆಂಪು ಚುಕ್ಕಿಗಳು ಕಂಡವು. ಕುಂಕುಮದ ಪುಡಿ ಉದುರಿದೆಯೇನೋ ಎಂದು ಬೆರಳಿನಿಂದ ಒರೆಸಿದೆ. ಹೋಗಲಿಲ್ಲ, ಒತ್ತಿದರೂ ಮಾಸಲಿಲ್ಲ. ಒಸಡು ಬಿಳುಚಿಕೊಂಡಿತ್ತು. ಪಶು ಆಸ್ಪತ್ರೆಗೆ ಎತ್ತಿಕೊಂಡು ಓಡಿದಾಗ ಜ್ವರ 104.5 ಡಿಗ್ರಿ, ನಾಯಿಗೆ 102.5ರವರೆಗೆ ಸಹಜ. ಕನಿಷ್ಠ ಎರಡು ಲಕ್ಷದಷ್ಟಿರಬೇಕಾದ ಪ್ಲೇಟ್‌ಲೆಟ್ 42 ಸಾವಿರಕ್ಕೆ ಇಳಿದಿತ್ತು. ಉಣ್ಣಿ ಜ್ವರ.

ಅಲ್ಲಿನ ವೈದ್ಯರು ಮುಂಗಾಲಿನ ಬೆರಳುಗಳನ್ನು ಅಗಲಿಸಿ, ಬಲಗಾಲಿನ ಸಂದಿಯಿಂದ ನೆನೆಸಿದ ಅವರೆಕಾಳಿನಂತೆ ಊದಿದ್ದ ಉಣ್ಣಿಯೊಂದನ್ನು ಚಿಮಟದಿಂದ ಕಿತ್ತು ಸ್ಪಿರಿಟ್ಟಿಗೆ ಹಾಕಿದರು. ವಾರಕ್ಕೊಮ್ಮೆ ಸ್ನಾನ ಮಾಡಿಸುತ್ತಿದ್ದ ನನಗೆ ಆ ದಟ್ಟ ಕೂದಲಿನಲ್ಲಿ ಅದು ಒಮ್ಮೆಯೂ ಕಂಡಿರಲಿಲ್ಲ. "ನಾಯೀನ ತೊಳೆದರೆ ಸಾಲದಮ್ಮ, ಗೋಡೇನ ನೋಡಿ" ಎಂದರು ಅವರು. ಹೊಟ್ಟೆ ತುಂಬಿದ ಹೆಣ್ಣುಣ್ಣಿ ನಾಯಿಯ ಮೈಯಿಂದ ಉದುರಿ, ಗೋಡೆಯ ಬಿರುಕು, ಬಾಗಿಲ ಚೌಕಟ್ಟಿನ ಸಂದುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆಯಿಟ್ಟು ಸಾಯುತ್ತದೆಯಂತೆ. ಮರಿಗಳು ತಿಂಗಳುಗಟ್ಟಲೆ ಉಪವಾಸವಿದ್ದು ಕಾಯಬಲ್ಲವಂತೆ. ನಮ್ಮ ಜಗಲಿಯ ಮೂಲೆಯಲ್ಲಿ, ಅವಳು ಮಲಗುತ್ತಿದ್ದ ಗೋಣಿಯ ಹಿಂದೆಯೇ ಅಂಥ ಬಿರುಕೊಂದಿತ್ತು.

ಇಪ್ಪತ್ತೆಂಟು ದಿನ ಡಾಕ್ಸಿಸೈಕ್ಲಿನ್ ಮಾತ್ರೆ, ಊಟವಾದ ಮೇಲೆಯೇ ಕೊಡಬೇಕು, ಸುಣ್ಣದ ಅಂಶ ಮಾತ್ರೆಯನ್ನು ಹಿಡಿದುಕೊಂಡುಬಿಡುವುದರಿಂದ ಹಾಲು ಮೊಸರಿನೊಂದಿಗೆ ಕೂಡದು. ರಾಗಿಯಲ್ಲಿಯೂ ಸುಣ್ಣದ ಅಂಶ ಹೆಚ್ಚೆಂದು ನಾನು ಮುದ್ದೆಯನ್ನೂ ನಿಲ್ಲಿಸಿದೆ. ಮಾತ್ರೆಯನ್ನು ಇಡ್ಲಿಯೊಳಗೆ ಅಡಗಿಸಿಟ್ಟರೆ ಇಡ್ಲಿ ತಿಂದು ಮಾತ್ರೆಯನ್ನು ತಟ್ಟೆಯ ಅಂಚಿನಲ್ಲಿ ಒಪ್ಪವಾಗಿ ಇಡುತ್ತಿದ್ದಳು. ಕೊನೆಗೆ ಗೆದ್ದದ್ದು ಅಮ್ಮ: ಮೊದಲು ಬರೀ ಇಡ್ಲಿಯ ಎರಡು ತುಂಡು, ಮೂರನೆಯದರಲ್ಲಿ ಮಾತ್ರೆ, ಅದನ್ನು ನುಂಗುವ ಮೊದಲೇ ನಾಲ್ಕನೆಯದನ್ನು ಮೂಗಿನ ಮುಂದೆ ಹಿಡಿಯುವುದು. ಈ ಉಪಾಯವನ್ನು ಅವರು ನನ್ನ ಬಾಲ್ಯದಲ್ಲಿ ನನ್ನ ಮೇಲೆಯೇ ಪ್ರಯೋಗಿಸಿ ಕಲಿತದ್ದಂತೆ.

ಬಿರುಕಿಗೆ ಸಿಮೆಂಟ್ ತುಂಬಿಸಿದ್ದೇವೆ, ಗೋಣಿಯನ್ನು ಸುಟ್ಟಿದ್ದೇವೆ, ವೈದ್ಯರು ಹೇಳಿದಂತೆ ತಿಂಗಳಿಗೊಮ್ಮೆ ಹೆಗಲ ನಡುವೆ ಹನಿ ಔಷಧ ಹಾಕುತ್ತೇವೆ. ಅಷ್ಟಾದರೂ ಸಂಜೆ ತಿರುಗಾಟದಿಂದ ಬಂದೊಡನೆ ಜಗಲಿಯಲ್ಲಿ ಕೂರಿಸಿ, ಕಿವಿಯ ಒಳಮಡಿಕೆ, ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ, ಕಾಲ್ಬೆರಳ ಸಂದಿ ಎಂಬ ಕ್ರಮದಲ್ಲಿ ಬೆರಳಾಡಿಸುವುದನ್ನು ಬಿಟ್ಟಿಲ್ಲ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ. ಎಡಗಾಲನ್ನು ಹುರುಳಿ ತಾನಾಗಿಯೇ ನೀಡುತ್ತಾಳೆ. ಬಲಗಾಲಿಗೆ ಮಾತ್ರ ಇಂದಿಗೂ ಒಂದು ತುಂಡು ಇಡ್ಲಿ ಕೊಡಬೇಕು.