ಆರೇ ಆರು ಸ್ತ್ರೀ

ಈ ಸಂಚಿಕೆಯ ವಿದ್ಯಾರ್ಥಿನಿ ಸಂಪಾದಕಿ ಫೋನ್ ಮಾಡಿದ್ದಳು. "ಮೇಡಂ, ನಮ್ಮ ಕಾಲೇಜು ಮ್ಯಾಗಝೀನಿಗೆ ನಿಮ್ಮ ನೆನಪು ಬರೆದುಕೊಡ್ರಿ" ಅಂದಳು. ಎಷ್ಟು ಪುಟ ಎಂದು ಕೇಳಿದೆ. "ಎಷ್ಟಾದ್ರೂ ಬರೀರಿ ಮೇಡಂ, ಅದಕ್ಕೇನಂತೆ." ಫೋನಿಟ್ಟ ಮೇಲೆ ನಗು ಬಂತು. ಮೂವತ್ತನಾಲ್ಕು ವರ್ಷ ಮಹಿಳಾ ಪತ್ರಿಕೆಯಲ್ಲಿ ಕೂತು, ಊರವರ ಬರಹವನ್ನೆಲ್ಲ ಸಾಲು ಎಣಿಸಿ ಕತ್ತರಿಸಿದವಳು ನಾನು. ನನಗೆ ಹಾಗೆ ಹೇಳಿದವರಲ್ಲಿ ಇವಳೇ ಮೊದಲಿಗಳು.

1978-79ರ ಸಂಚಿಕೆಗೆ ಅವಳ ಜಾಗದಲ್ಲಿ ನಾನಿದ್ದೆ. ಜಾಣೆ ಎಂದು ಆರಿಸಿದ್ದಲ್ಲ. ನನ್ನ ಅಕ್ಷರ ದುಂಡಗಿದೆ, ಅಚ್ಚು ಜೋಡಿಸುವವರು ಬೈಯುವುದಿಲ್ಲ ಎಂದು ಕನ್ನಡದ ಮೇಡಂ ನನ್ನ ಹೆಸರು ಬರೆದುಕೊಂಡಿದ್ದರು. ಪ್ರೆಸ್ಸು ದಾವಣಗೆರೆಯ ಚೌಕಿಪೇಟೆಯ ಹಿಂದಿನ ಓಣಿಯಲ್ಲಿತ್ತು. ಲಗ್ನಪತ್ರಿಕೆ, ಮಂಡಿಯವರ ಬಿಲ್‌ಬುಕ್ಕು, ಜಾತ್ರೆಯ ಕರಪತ್ರ ಇವು ಅಲ್ಲಿಯ ನಿತ್ಯದ ಕೆಲಸ. ನಮ್ಮ ಸಂಚಿಕೆ ಇವುಗಳ ಸಂದಿಯಲ್ಲಿ ತೆವಳುತ್ತಿತ್ತು. ಮದುವೆಯ ಸೀಜನ್ ಬಂತೆಂದರೆ ಅದೂ ಇಲ್ಲ.

ಈಗಿನ ಹುಡುಗಿಯರಿಗೆ ಮೊಳೆ ಜೋಡಿಸುವುದೆಂದರೆ ಏನೆಂದು ಹೇಳಬೇಕು. ಗೋಡೆಗೆ ಒರಗಿಸಿದ ಮರದ ತಟ್ಟೆಗಳಲ್ಲಿ ಜೇನುಗೂಡಿನಂಥ ಪುಟ್ಟ ಪುಟ್ಟ ಮನೆಗಳು, ಒಂದೊಂದು ಮನೆಯಲ್ಲೂ ಒಂದೊಂದು ಸೀಸದ ಅಕ್ಷರ. ಜೋಡಿಸುವವನು ಎಡಗೈಯಲ್ಲಿ ಸ್ಟಿಕ್ ಹಿಡಿದು ಬಲಗೈಯಿಂದ ಅಕ್ಷರ ಹೆಕ್ಕುತ್ತಾನೆ, ನೋಡದೆಯೇ. ಇಂಗ್ಲಿಷಿಗೆ ಎರಡು ತಟ್ಟೆ ಸಾಕು. ನಮ್ಮ ಗುಣಿತ, ಒತ್ತು ಎಲ್ಲ ಸೇರಿದರೆ ಗೋಡೆಯೇ ತುಂಬುತ್ತದೆ. ಎಂಟು ಪುಟ ಜೋಡಿಸಿ, ಅಚ್ಚು ಹಾಕಿ, ಮೊಳೆ ಬಿಚ್ಚಿ, ಮತ್ತೆ ಅವವುಗಳ ಮನೆಗೆ ಹಾಕಿದ ಮೇಲೆಯೇ ಮುಂದಿನ ಎಂಟು ಪುಟ. ಮೊಳೆ ಅಷ್ಟೇ ಇರುತ್ತಿದ್ದವು.

ಒಂದು ಸಂಜೆ ಹೋದಾಗ ಜೋಡಿಸುವ ಹಿರಿಯರು ನನ್ನ ಕೈಬರಹದ ಹಾಳೆ ಹಿಡಿದುಕೊಂಡು ಬಾಗಿಲಲ್ಲೇ ಕಾಯುತ್ತಿದ್ದರು.

"ತಂಗೀ, ಏನವ್ವಾ ಇದು, ಬರೇ ಸ್ತ್ರೀ ಸ್ತ್ರೀ ಸ್ತ್ರೀ! ನನ್ನ ಹತ್ರ ಈ ಒತ್ತು ಇರೋವೇ ಎಂಟು. ಅದರಾಗ ಎರಡು ಜವಳಿ ಅಂಗಡಿ ಜಾಹೀರಾತಿಗೆ ಹೋದ್ವು, 'ವಸ್ತ್ರಭಂಡಾರ' ಅಂತ ಎರಡು ಕಡೆ ಐತಿ. ಉಳಿದದ್ದು ಆರು. ಎಂಟು ಪುಟಕ್ಕ ಆರೇ ಆರು ಸ್ತ್ರೀ. ಎಲ್ಲಿ ಬೇಕು ಅಂತ ನೀನೇ ಹೇಳು, ಉಳಿದ ಕಡೆ ಬ್ಯಾರೆ ಏನಾರ ಬರಿ."

ತಪ್ಪು ನಮ್ಮ ಲೇಖಕಿಯರದೂ ಅಲ್ಲ. 1975 ಅಂತರರಾಷ್ಟ್ರೀಯ ಮಹಿಳಾ ವರ್ಷ. ಆಮೇಲೆ ನಾಲ್ಕೈದು ವರ್ಷ ಭಾಷಣ ಸ್ಪರ್ಧೆಯಿಂದ ಹಿಡಿದು ಪರೀಕ್ಷೆಯ ಪ್ರಬಂಧದವರೆಗೆ ಎಲ್ಲವೂ 'ಸ್ತ್ರೀ ಮತ್ತು ಸಮಾಜ'ವೇ. ಪ್ರೆಸ್ಸಿನ ಕಟ್ಟೆಯ ಮೇಲೆ ಕೂತು ಪೆನ್ನು ತೆಗೆದೆ. ಕೆಲವು ಕಡೆ 'ಹೆಣ್ಣು' ಹಾಕಿದೆ, ಕೆಲವು ಕಡೆ 'ಮಹಿಳೆ', ಕೆಲವು ಕಡೆ 'ಹೆಂಗಸು'. ಹಾಕುತ್ತ ಹೋದಂತೆ ಒಂದು ವಿಚಿತ್ರ ಕಂಡಿತು. "ಸ್ತ್ರೀಯು ಸಹನೆಯ ಸಾಕಾರಮೂರ್ತಿ" ಎಂಬಲ್ಲಿ "ಹೆಂಗಸು ಸಹನೆಯ ಸಾಕಾರಮೂರ್ತಿ" ಎಂದು ಬರೆದರೆ ವಾಕ್ಯ ನಿಲ್ಲಲೇ ಇಲ್ಲ. ನಮ್ಮ ಓಣಿಯ ನಲ್ಲಿಯ ಮುಂದೆ ಕೊಡ ಹಿಡಿದು ಜಗಳಾಡುವ ಹೆಂಗಸರು ನೆನಪಾಗಿ ನಗು ಬಂತು. ಆ ಸಾಲನ್ನು ಹೊಡೆದುಹಾಕಿದೆ. ಬರೆದ ಗೆಳತಿ ಎರಡು ತಿಂಗಳು ಮಾತು ಬಿಟ್ಟಳು. ಮುಂದೆ ಪತ್ರಿಕೆಯಲ್ಲಿ ಎಷ್ಟೋ ದೊಡ್ಡ ಹೆಸರಿನ ಲೇಖನಗಳ ಮೇಲೂ ಈ ಪರೀಕ್ಷೆ ಮಾಡಿದ್ದೇನೆ. ಸ್ತ್ರೀ ತೆಗೆದು ಹೆಂಗಸು ಹಾಕಿದರೆ ಮಾತು ಉಳಿಯುತ್ತದೆಯೋ ನೋಡುವುದು. ಬಹಳ ಸಲ ಉಳಿಯುತ್ತಿರಲಿಲ್ಲ.

ಓದುವ ಹುಚ್ಚು ಬಂದದ್ದು ಮಾತ್ರ ಕಾಲೇಜಿನಿಂದಲ್ಲ, ಅಮ್ಮನಿಂದ. ಅಪ್ಪ ಮಂಡಿಪೇಟೆಯಲ್ಲಿ ಗುಮಾಸ್ತರು. ಐದು ಮನೆ ಸೇರಿ ಒಂದು ವಾರಪತ್ರಿಕೆ ತರಿಸುತ್ತಿದ್ದೆವು, ನಮ್ಮ ಮನೆಯ ಪಾಳಿ ಮೂರನೆಯ ದಿನ. ಎಲ್ಲರೂ ಓದಿ ಮುಗಿಸಿದ ಮೇಲೆ ಧಾರಾವಾಹಿಯ ಪುಟಗಳನ್ನು ಅಮ್ಮ ಹುಷಾರಾಗಿ ಕಿತ್ತು ಹಾಸಿಗೆಯ ಕೆಳಗೆ ಸೇರಿಸುತ್ತಿದ್ದಳು. ಕಾದಂಬರಿ ಮುಗಿದಾಗ ಅಪ್ಪ ಆ ಕಟ್ಟನ್ನು ಮಂಡಿಯ ಲೆಕ್ಕದ ಪುಸ್ತಕ ಹೊಲಿಯುವವನ ಹತ್ತಿರ ಒಯ್ದು ಕೊಡುತ್ತಿದ್ದರು. ಅವನಿಗೆ ಗೊತ್ತಿದ್ದುದು ಒಂದೇ ಬೈಂಡಿಂಗು, ಕೆಂಪು ಬಟ್ಟೆಯ ರಟ್ಟು, ಮೇಲೆ ಬಿಳಿ ದಾರದ ಹೊಲಿಗೆ. ಹಾಗಾಗಿ ನಮ್ಮ ಮನೆಯ ಕಪಾಟಿನಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ ಎಲ್ಲರೂ ಶೇಂಗಾ, ಹತ್ತಿಯ ಖಾತೆ ಪುಸ್ತಕದ ವೇಷದಲ್ಲಿದ್ದರು. ಒಂದು ದೀಪಾವಳಿಗೆ ಅಪ್ಪ ಅವಸರದಲ್ಲಿ ಅದರಲ್ಲೊಂದನ್ನು ಪೂಜೆಗೂ ಇಟ್ಟಿದ್ದರು. ಕುಂಕುಮದ ಕಲೆ ಇನ್ನೂ ಇದೆ.

1981ರಲ್ಲಿ ಬೆಂಗಳೂರಿಗೆ ಹೋದೆ. ಯಾವ ಪತ್ರಿಕೆ ಎಂದು ಬರೆಯುವುದಿಲ್ಲ, ಮುಂದೆ ಹೇಳುವ ಒಂದೆರಡು ಮಾತಿಗೆ ಅದೇ ಒಳ್ಳೆಯದು. ಅದೇ ಕಟ್ಟಡದಲ್ಲಿ ದಿನಪತ್ರಿಕೆಯೂ ಇತ್ತು. ಅಲ್ಲಿಯ ಗಂಡಸರು ನಮ್ಮ ಕೋಣೆಗೆ ಇಟ್ಟ ಹೆಸರು 'ಒಗ್ಗರಣೆ ವಿಭಾಗ'. ನಾವು ಮೂವರು ಹೆಂಗಸರು, ಮೂರು ಮೇಜು, ಒಂದು ಫ್ಯಾನು. ಮೆಟ್ಟಿಲಲ್ಲಿ ಎದುರಾದರೆ "ಏನ್ರೀ, ಇವತ್ತು ಏನು ಕುದೀತಿದೆ?" ಎನ್ನುವರು. ಮೊದಲ ವರ್ಷ ಅತ್ತಿದ್ದೂ ಉಂಟು.

ನಾನು ಕೋಣೆ ಮಾಡಿಕೊಂಡಿದ್ದು ಚಾಮರಾಜಪೇಟೆಯಲ್ಲಿ. ದಿನಾ ಬೆಳಗ್ಗೆ ಮಕ್ಕಳ ಕೂಟ ಎಂಬ ಸಂಸ್ಥೆಯ ಮುಂದೆಯೇ ನಡೆದು ಹೋಗುತ್ತಿದ್ದೆ. ಅದನ್ನು ಕಟ್ಟಿದ ಆರ್. ಕಲ್ಯಾಣಮ್ಮ 1921ರಲ್ಲಿ 'ಸರಸ್ವತಿ' ಎಂಬ ಮಾಸಪತ್ರಿಕೆ ಶುರು ಮಾಡಿ ನಾಲ್ಕು ದಶಕ ನಡೆಸಿದವರು ಎಂಬುದು ಗೊತ್ತಾಗುವ ಹೊತ್ತಿಗೆ ನಾನು ಆ ದಾರಿಯಲ್ಲಿ ಎರಡು ವರ್ಷ ಓಡಾಡಿಯಾಗಿತ್ತು. ಅವರಿಗೂ ಮೊದಲು ನಂಜನಗೂಡು ತಿರುಮಲಾಂಬ. ಬಾಲವಿಧವೆ, ತಾನೇ ಬರೆದು ತಾನೇ ಪ್ರಕಟಿಸಿ 'ಕರ್ನಾಟಕ ನಂದಿನಿ' ಪತ್ರಿಕೆ ಹೊರಡಿಸಿದವರು. ಅವರು ತೀರಿಕೊಂಡದ್ದು 1982ರಲ್ಲಿ. ಅಂದರೆ ನಾನು ಬೆಂಗಳೂರಿನ ಒಗ್ಗರಣೆ ವಿಭಾಗದಲ್ಲಿ ಕೂತು ಅಳುತ್ತಿದ್ದ ಆ ಮೊದಲ ವರ್ಷ ಅವರಿನ್ನೂ ಇದ್ದರು. ನೋಡಬಹುದಿತ್ತು. ನಮ್ಮ ಪಠ್ಯದಲ್ಲಿ ಅವರ ಹೆಸರಿನ ಒಂದು ಸಾಲೂ ಇರಲಿಲ್ಲ, ನನಗೂ ಹುಡುಕುವ ಬುದ್ಧಿ ಬರಲಿಲ್ಲ.

ಒಗ್ಗರಣೆ ವಿಭಾಗದ ಕೆಲಸ ಹಗುರವೆಂದು ತಿಳಿದವರಿಗೆ ಒಂದು ಮಾತು ಹೇಳಬೇಕು. ದಿನಪತ್ರಿಕೆಯಲ್ಲಿ ಮಂತ್ರಿಯ ಖಾತೆ ತಪ್ಪಾದರೆ ಮರುದಿನ ಮೂಲೆಯಲ್ಲಿ ಎರಡು ಸಾಲಿನ ತಿದ್ದುಪಡಿ, ಮುಗಿಯಿತು. ನಮ್ಮಲ್ಲಿ ಹೆಣಿಗೆಯ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿ ನಾಡಿನ ತುಂಬ ಒಂದು ತೋಳು ಗಿಡ್ಡವಾದ ಸ್ವೆಟರುಗಳು ತಯಾರಾದವು. ಉಲ್ಲನ್ ಉಂಡೆಯ ಚೀಟಿಯನ್ನೇ ಕಾಗದಕ್ಕೆ ಅಂಟಿಸಿ, ಇದರ ದುಡ್ಡು ಯಾರು ಕೊಡುತ್ತೀರಿ ಎಂದು ಒಬ್ಬರು ಬರೆದಿದ್ದರು. ಅವರು ಕೇಳಿದ್ದು ನ್ಯಾಯವೇ.

ಇನ್ನೊಂದು ನಮ್ಮೂರಿನದೇ. ಬೆಣ್ಣೆದೋಸೆಯ ಪಾಕವಿಧಾನ ಬಂದಿತ್ತು, ಬರೆದವರು ಬೆಂಗಳೂರಿನವರು. ಅಕ್ಕಿ, ಉದ್ದು, ಮೆಂತ್ಯ, ಬೆಣ್ಣೆ ಎಲ್ಲ ಇತ್ತು. ಕಣ್ಣು ಹಾಯಿಸಿ ಅಚ್ಚಿಗೆ ಕಳಿಸಿದೆ. ಪತ್ರಿಕೆ ಊರು ಮುಟ್ಟಿದ ಮೂರನೇ ದಿನದಿಂದ ಇನ್‌ಲ್ಯಾಂಡ್ ಲೆಟರುಗಳು ಶುರುವಾದವು. ಪಿ.ಜೆ. ಬಡಾವಣೆಯಿಂದ, ಕೆ.ಬಿ. ಬಡಾವಣೆಯಿಂದ, ಹಳೇಪೇಟೆಯಿಂದ. ಎಲ್ಲರದೂ ಒಂದೇ ಮಾತು: ಮಂಡಕ್ಕಿ ಎಲ್ಲಿ? ನೆನೆಸಿದ ಮಂಡಕ್ಕಿ ಹಾಕಿ ರುಬ್ಬದೆ ಅದೆಂಥ ದಾವಣಗೆರೆ ದೋಸೆ? ಊರಿಗೆ ಹೋದಾಗ ಅತ್ತಿಗೆ ತಟ್ಟೆಗೆ ದೋಸೆ ಹಾಕುತ್ತ, "ತಿನ್ರಿ, ಇದರಾಗ ಮಂಡಕ್ಕಿ ಐತಿ, ನಿಮಗ ಆಗಬರತೈತೋ ಇಲ್ಲೋ" ಅಂದಳು. ಆ ಮಾತನ್ನು ಆಮೇಲೆ ಹದಿನೈದು ವರ್ಷ ಬಿಡಲಿಲ್ಲ.

ಮಂಡಕ್ಕಿಯ ಋಣ ಬೇರೆ ಥರದಲ್ಲಿ ತೀರಿಸಿದೆ ಅಂದುಕೊಂಡಿದ್ದೇನೆ. ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಹೆಂಗಸರ ಬಗ್ಗೆ ಲೇಖನ ಬರೆಯುತ್ತೇನೆ ಎಂದಾಗ ಸಂಪಾದಕರು, "ನಮ್ಮ ಓದುಗರು ಹೊಗೆ ಓದಲ್ಲಮ್ಮ" ಅಂದರು. ರಜೆ ಹಾಕಿ ಬಂದು ನಾಲ್ಕು ದಿನ ಭಟ್ಟಿಗಳಲ್ಲಿ ಕೂತೆ. ಭತ್ತ ನೆನೆಸುವುದು, ಬೇಯಿಸುವುದು, ಅಂಗಳದಲ್ಲಿ ಹರವಿ ಕಾಲಿನಿಂದ ಗೀರುತ್ತ ಒಣಗಿಸುವುದು, ಉಪ್ಪುನೀರು ಹಿಡಿಸಿದ ಅಕ್ಕಿಯನ್ನು ಕಾದ ಮರಳಿಗೆ ಹಾಕಿದ ಕೂಡಲೇ ಅದು ಮಲ್ಲಿಗೆ ಮೊಗ್ಗಿನ ಹಾಗೆ ಉಬ್ಬಿ ಮೇಲೇಳುವುದು. ನೋಡಲು ಚಂದ, ಅದು ನೋಡುವವರಿಗೆ. ಒಲೆಯ ಬಾಯಲ್ಲಿ ಕೂತ ಹೆಂಗಸಿನ ಕಣ್ಣು ಸದಾ ಕೆಂಪು. ಮಂಡಕ್ಕಿ ತಿನ್ನುತ್ತೀರಾ ಎಂದು ಒಬ್ಬಾಕೆಯನ್ನು ಕೇಳಿದೆ. "ಅದರ ವಾಸನೀಗೇ ಹೊಟ್ಟಿ ತುಂಬಿರತೈತಿ ಬಿಡವ್ವಾ" ಅಂದಳು. ಲೇಖನದ ಕೊನೆಗೆ ಒಗ್ಗರಣೆ ಮಂಡಕ್ಕಿ ಮಾಡುವ ವಿಧಾನವನ್ನೂ ಸೇರಿಸಿ ಕೊಟ್ಟೆ. ಸಂಪಾದಕರು ಒಪ್ಪಿದರು. ಅದು ಲಂಚವೇ, ನಾಚಿಕೆಯಿಲ್ಲ. ಅನಂತರದ ವರ್ಷಗಳಲ್ಲಿ ಎಷ್ಟೋ ವಿಷಯಗಳನ್ನು ಹೀಗೆ ಒಗ್ಗರಣೆ ಹಾಕಿಯೇ ಒಳಗೆ ಬಿಟ್ಟಿದ್ದೇನೆ.

ಇನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದ ಸಂಗತಿ.

ಓದುಗರ ಸಮಸ್ಯೆಗೆ ಉತ್ತರ ಕೊಡುವ ಅಂಕಣವನ್ನು ಬಹಳ ಕಾಲ ನಾನು ನೋಡಿಕೊಂಡೆ. ಉತ್ತರ ಬರೆಯುತ್ತಿದ್ದವರು ಒಬ್ಬ ವೈದ್ಯೆ, ಒಬ್ಬ ವಕೀಲೆ. ಕಾಗದ ಆರಿಸುವುದು, ಚಿಕ್ಕದು ಮಾಡುವುದು ನನ್ನ ಪಾಲು. ಮೊದಮೊದಲು ಹೊಡೆತ ತಿನ್ನುವವರಿಗೂ "ತಾಳ್ಮೆಯಿಂದ ಹೊಂದಿಕೊಂಡು ಹೋಗಿ" ಎಂಬ ಉತ್ತರ ಹೋಗುತ್ತಿತ್ತು. ಕರಡು ತಿದ್ದಿದವಳು ನಾನೇ, ಅಲ್ಪವಿರಾಮ ಸರಿ ಮಾಡಿ ಕಳಿಸಿದ್ದೇನೆ. ಕ್ರೌರ್ಯದ ವಿರುದ್ಧದ 498ಎ ಸೆಕ್ಷನ್ನು 1983ರಲ್ಲೇ ಬಂದಿತ್ತು. ನಮ್ಮ ಅಂಕಣಕ್ಕೆ ಅದು ಬಂದು ತಲುಪಲು ಇನ್ನೂ ಕೆಲವು ವರ್ಷ ಹಿಡಿಯಿತು.

ಒಂದು ಕಾಗದ ಹರಿಹರದ ಕಡೆಯ ಹಳ್ಳಿಯಿಂದ ಬಂತು. ಶಿಕ್ಷಕಿಯಾಗಲು ಬೇಕಾದ ಟಿ.ಸಿ.ಎಚ್. ತರಬೇತಿ ಪಾಸು ಮಾಡಿದ ಸೊಸೆ. ಶಾಲೆಯ ನೇಮಕಾತಿ ಆರ್ಡರು ಅಂಚೆಯಲ್ಲಿ ಬಂದದ್ದನ್ನು ಮನೆಯವರು ಬಚ್ಚಿಟ್ಟಿದ್ದರು. ಇನ್ನೊಂದು ಪ್ರತಿ ಸಿಗುತ್ತದೆಯೇ ಎಂದು ಕೇಳಿದ್ದಳು. ವಕೀಲೆ ಒಳ್ಳೆಯ ಉತ್ತರ ಕೊಟ್ಟರು, ಯಾವ ಕಚೇರಿಗೆ ಹೇಗೆ ಅರ್ಜಿ ಹಾಕಬೇಕು ಎಂಬುದೂ ಅದರಲ್ಲಿತ್ತು. ನಮ್ಮ ಪದ್ಧತಿಯಂತೆ ಕೆಳಗೆ ಹೆಸರಿನ ಮೊದಲಕ್ಷರ, ಊರು ಹಾಕಿದೆವು. ಊರು ಹಾಕಿದ್ದು ನಾನು. ನಾಲ್ಕು ವಾರದ ಮೇಲೆ ಅದೇ ಕೈಬರಹದಲ್ಲಿ ಒಂದು ಕಾರ್ಡು ಬಂತು. ಒಂದೇ ಸಾಲು: "ಊರ ಹೆಸರು ಹಾಕಬಾರದಿತ್ತು ಅಕ್ಕಾ." ಅಡಿಯಲ್ಲಿ ಹೆಸರಿಲ್ಲ. ಅಂಚೆ ಮುದ್ರೆ ದಾವಣಗೆರೆಯದು, ಆ ಹಳ್ಳಿಯದಲ್ಲ. ಊರು ಬಿಟ್ಟು ಬಂದಿದ್ದಳೋ, ಸಂತೆಗೆ ಬಂದಾಗ ಹಾಕಿದ್ದಳೋ, ತಿಳಿಯಲಿಲ್ಲ. ಆರ್ಡರು ಸಿಕ್ಕಿತೋ ಇಲ್ಲವೋ ಅದೂ ತಿಳಿಯಲಿಲ್ಲ.

ಅಂದಿನಿಂದ ಊರು ತೆಗೆದೆ. ಊರಿಲ್ಲದಿದ್ದರೆ ಕಟ್ಟುಕತೆ ಅನ್ನುತ್ತಾರೆ ಎಂದು ಸಂಪಾದಕರು ವಾದಿಸಿದರು. ಕೊನೆಗೆ ಜಿಲ್ಲೆ ಮಾತ್ರ ಹಾಕುವುದೆಂದಾಯಿತು. ಆಗ ದಾವಣಗೆರೆ, ಹರಿಹರ ಎಲ್ಲವೂ ಚಿತ್ರದುರ್ಗ ಜಿಲ್ಲೆ. ಒಬ್ಬ ಹೆಣ್ಣುಮಗಳು ಅಡಗಿಕೊಳ್ಳುವಷ್ಟು ದೊಡ್ಡದಿತ್ತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಊರವರು ಪಟಾಕಿ ಹೊಡೆದರೆ, ನಾನು ಈ ಅಡಗುತಾಣ ಚಿಕ್ಕದಾಯಿತಲ್ಲ ಎಂದು ಲೆಕ್ಕ ಹಾಕಿದ್ದೆ.

ಅತಿ ಹೆಚ್ಚು ಕಾಗದ ಬಂದದ್ದು 1994ರಲ್ಲಿ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ಕರ್ನಾಟಕದ ತಿದ್ದುಪಡಿ ಆ ವರ್ಷದ ಜುಲೈ ಕೊನೆಗೆ ಜಾರಿಗೆ ಬಂತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅನ್ವಯಿಸುತ್ತಿರಲಿಲ್ಲ. "ನನ್ನ ಲಗ್ನ ಮೇ ತಿಂಗಳಲ್ಲಿ ಆಗಿದೆ. ಎರಡು ತಿಂಗಳಿಗೆ ಪಾಲು ಹೋಯಿತೇ?" ಎಂದು ಒಬ್ಬಳು ಕೇಳಿದ್ದಳು. ಹೋಯಿತು ಎಂದೇ ಉತ್ತರ ಬರೆಯಬೇಕಾಯಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಮದುವೆಯ ಷರತ್ತು ಇಲ್ಲವಾದಾಗ, ಆ ಹಳೆಯ ಪ್ರಶ್ನೆಯನ್ನೇ ಮತ್ತೆ ಅಚ್ಚು ಹಾಕಿ ಕೆಳಗೆ ಹೊಸ ಉತ್ತರ ಕೊಟ್ಟೆವು. ಅವಳು ಓದಿದಳೋ ಇಲ್ಲವೋ. ಅಷ್ಟು ಹೊತ್ತಿಗೆ ಮಧ್ಯಾಹ್ನದ ಓದುಗರೆಲ್ಲ ಟಿ.ವಿ.ಯ ಮುಂದೆ ಕೂತಿದ್ದರು.

ಮೊಳೆ ಹೋಗಿ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಈಗ ಸ್ತ್ರೀ ಎಷ್ಟು ಬೇಕಾದರೂ ಬರೆಯಬಹುದು, ಬರೆಯುತ್ತಲೂ ಇದ್ದಾರೆ. 2015ರಲ್ಲಿ ನಿವೃತ್ತಳಾದೆ. ಕಳೆದ ವರ್ಷ ಚೌಕಿಪೇಟೆಯ ಆ ಓಣಿಗೆ ಹೋಗಿದ್ದೆ, ಪ್ರೆಸ್ಸಿದ್ದಲ್ಲಿ ಮೊಬೈಲ್ ಕವರಿನ ಅಂಗಡಿಯಿದೆ. ನಾನು ಕೂತು ತಿದ್ದಿದ ಕಟ್ಟೆ ಮಾತ್ರ ಹಾಗೇ ಇದೆ.

ಸಂಪಾದಕಿ ಮಗೂ, ನೀನು ಕೇಳಿದ ಫೋಟೊ ಜೊತೆಗೆ ಕಳಿಸಿದ್ದೇನೆ. ಲೇಖನ ಉದ್ದವಾಯಿತು ಅನ್ನಿಸಿದರೆ ಎಲ್ಲಿ ಬೇಕಾದರೂ ಕತ್ತರಿಸು, ಮುನಿಸಿಕೊಳ್ಳುವುದಿಲ್ಲ. ನನ್ನ ಹೆಸರಿನ ಕೆಳಗೆ ಊರು ಹಾಕು. ಜಿಲ್ಲೆಯಲ್ಲ, ಊರು.